ಈ ಪುಸ್ತಕ ಯಾರಿಗೆ?

ಮೈಸೂರಿನ ಓದುಗರ ಕೂಟವೊಂದರಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತು. ಧ್ವನಿಮುದ್ರಣ ಕೇಳಿಕೊಂಡು ಬರಹಕ್ಕೆ ಇಳಿಸಿದ್ದು.

ನನ್ನ ಕೈಯಲ್ಲಿರುವುದು ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಮಕ್ಕಳು ಶಾಲೆಗೆ ಒಯ್ಯುತ್ತಾರಲ್ಲ, ಅಂಥದ್ದೇ. ಇಂಥವು ಮನೆಯಲ್ಲಿ ನಾಲ್ಕು ತುಂಬಿವೆ, ಇದು ಐದನೆಯದು. ಮೊದಲನೆಯದರ ಮೊದಲ ಪುಟದಲ್ಲಿ ‘ಜೂನ್ 1992’ ಅಂತ ಬರೆದಿದೆ. ಅಲ್ಲಿಂದ ಇವತ್ತಿನವರೆಗೆ ಪ್ರತಿ ತಿಂಗಳು ಏನು ಓದಿದೆ, ಯಾರಿಗೆ ಓದಿ ಅಂತ ಹೇಳಿದೆ ಅನ್ನುವುದೆಲ್ಲ ಇವುಗಳಲ್ಲಿದೆ. ಕೆಲವು ತಿಂಗಳು ಆರು ಪುಸ್ತಕ. ಕೆಲವು ತಿಂಗಳು ಒಂದೇ. ನಮ್ಮ ತಾಯಿ ಹಾಸಿಗೆ ಹಿಡಿದಿದ್ದ ವರ್ಷ ಏಳು ತಿಂಗಳು ಏನೂ ಇಲ್ಲ, ಬರೀ ತಿಂಗಳ ಹೆಸರು. ಆ ಖಾಲಿ ಪುಟಗಳನ್ನು ನಾನು ಹರಿದಿಲ್ಲ. ಅವೂ ಲೆಕ್ಕದಲ್ಲೇ ಇವೆ.

ಯಾಕೆ ಶುರು ಮಾಡಿದೆ ಅಂತ ಮೊದಲು ಹೇಳುತ್ತೇನೆ. ಆಗ ನಾನು ಮೈಸೂರಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತೆ. ಮನೆ ಮಂಡ್ಯದಲ್ಲಿ. ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ ಬರುವುದು. ದೂರ 45 ಕಿಲೋಮೀಟರ್ ಅಷ್ಟೇ. ಆದರೆ ಯಲಿಯೂರು, ಬ್ಯಾಡರಹಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ ಅಂತ ನಿಂತು ನಿಂತು ಬರುವ ಗಾಡಿ. ಆಗ ಒಂಟಿ ಹಳಿ. ಎದುರಿನಿಂದ ಇನ್ನೊಂದು ಗಾಡಿ ಬರುವುದಿದ್ದರೆ ಅದು ದಾಟುವವರೆಗೂ ಕಾಯಬೇಕು. ಪಕ್ಕದವರು ಹೂ ಕಟ್ಟುತ್ತಿದ್ದರು, ಸೊಪ್ಪು ಬಿಡಿಸುತ್ತಿದ್ದರು. ನಾನು ಓದುತ್ತಿದ್ದೆ. ಓದಿದ್ದು ಬಹುಪಾಲು ಗ್ರಂಥಾಲಯದಿಂದ ತಂದ ಪುಸ್ತಕಗಳನ್ನು.

ಒಂದು ದಿನ ಹೊಸದು ಅಂದುಕೊಂಡು ಒಂದು ಕಾದಂಬರಿ ತಂದೆ. ಅರವತ್ತು ಪುಟ ಓದಿದೆ. ಹಾಳೆ ತಿರುಗಿಸಿದರೆ ಅಲ್ಲಿ ಒಂದು ರೈಲ್ವೆ ಪಾಸು. ಎರಡು ವರ್ಷ ಹಳೆಯದು. ಮೇಲೆ ಇದ್ದದ್ದು ನನ್ನದೇ ಹೆಸರು.

ಅಂದರೆ ಆ ಪುಸ್ತಕವನ್ನು ನಾನು ಎರಡು ವರ್ಷದ ಹಿಂದೆ ಓದಿದ್ದೆ. ಕೊನೆವರೆಗೂ ಓದಿದ್ದೆನೋ, ಅರ್ಧಕ್ಕೆ ಬಿಟ್ಟಿದ್ದೆನೋ ಗೊತ್ತಿಲ್ಲ. ಅರವತ್ತು ಪುಟದಲ್ಲಿ ಒಂದು ಸಾಲೂ ನನಗೆ ‘ಇದನ್ನು ಕಂಡಿದ್ದೇನೆ’ ಅನ್ನಿಸಿರಲಿಲ್ಲ. ನನಗೆ ಹೆದರಿಕೆಯಾಯಿತು. ಆವತ್ತು ಶ್ರೀರಂಗಪಟ್ಟಣದ ಸೇತುವೆ ಮೇಲೆ ಗಾಡಿ ನಿಧಾನವಾಗಿ ಹೋಗುತ್ತಿತ್ತು. ಕೆಳಗೆ ಕಾವೇರಿ. ನಾನು ಓದಿದ ಉಳಿದ ಪುಸ್ತಕಗಳೆಲ್ಲ ಏನಾದವು ಅಂತ ಯೋಚಿಸುತ್ತಾ ಕೂತಿದ್ದೆ. ಸಂಜೆ ಇಳಿದವಳೇ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ನೋಟ್‌ಬುಕ್ಕು ಕೊಂಡೆ.

ಮೊದಲ ಎರಡು ಮೂರು ವರ್ಷ ನಾನು ಬರೆದದ್ದು ಬರೀ ಪುಸ್ತಕದ ಹೆಸರು, ಬರೆದವರ ಹೆಸರು. ಈಗ ಆ ಪುಟಗಳನ್ನು ತೆಗೆದರೆ ಹೆಚ್ಚು ಏನೂ ಹೇಳುವುದಿಲ್ಲ. ಅದು ಹಾಜರಿ ಪುಸ್ತಕದ ಹಾಗೆ ಇದೆ. ಮಗು ಬಂದಿತ್ತು ಅಂತ ಗೊತ್ತಾಗುತ್ತದೆ, ಮುಖ ನೆನಪಾಗುವುದಿಲ್ಲ. ಮಧ್ಯೆ ಮಧ್ಯೆ ‘ಚೆನ್ನಾಗಿದೆ’, ‘ತುಂಬಾ ಚೆನ್ನಾಗಿದೆ’ ಅಂತ ಬರೆದಿದ್ದೇನೆ. ಅದರಿಂದಲೂ ಉಪಯೋಗವಿಲ್ಲ. ಏನು ಚೆನ್ನಾಗಿತ್ತು?

ಆಮೇಲೆ ಒಂದು ಕಟ್ಟು ಹಾಕಿಕೊಂಡೆ. ‘ಚೆನ್ನಾಗಿದೆ’ ಅನ್ನುವ ಮಾತು ಬರೆಯುವ ಹಾಗಿಲ್ಲ. ಬದಲಿಗೆ ಪುಸ್ತಕ ಮುಚ್ಚಿದ ಮೇಲೆ ಕಣ್ಣ ಮುಂದೆ ಉಳಿದ ಒಂದೇ ಒಂದು ಸಂಗತಿ ಬರೆಯಬೇಕು. ಒಂದು ವಾಕ್ಯ ಸಾಕು. ಒಂದು ಕಡೆ ಹೀಗೆ ಬರೆದಿದ್ದೇನೆ: ‘ಸೊಸೆ ರಾತ್ರಿ ಅಗುಳಿ ಹಾಕುವಾಗ ಸದ್ದಾಗಬಾರದು ಅಂತ ಸೆರಗು ಸುತ್ತುತ್ತಾಳೆ.’ ಕಥೆ ಈಗ ಪೂರ್ತಿ ನೆನಪಿಲ್ಲ. ಆದರೆ ಈ ಸಾಲು ಓದಿದ ತಕ್ಷಣ ಆ ಮನೆ, ಆ ಅತ್ತೆ, ಆ ಕತ್ತಲೆ ಎಲ್ಲ ಹಿಂದಕ್ಕೆ ಬರುತ್ತವೆ. ಇನ್ನೊಂದು ಕಡೆ, ನೀರಾವರಿ ಬಗ್ಗೆ ಓದಿದ ಒಂದು ಪುಸ್ತಕಕ್ಕೆ, ‘ನಾಲೆಯ ಕೊನೆ ಭಾಗದ ಗದ್ದೆಯವನಿಗೆ ನೀರಿಗಿಂತ ಮೊದಲು ಜಗಳ ತಲುಪುತ್ತದೆ’ ಅಂತ ಇದೆ. ಇದು ಪುಸ್ತಕದ ಮಾತಲ್ಲ, ಓದಿದ ಮೇಲೆ ನನಗೆ ಹೊಳೆದದ್ದು. ನಮ್ಮ ತಂದೆಗೆ ನಾಲೆಯ ಕೊನೆಯಲ್ಲೇ ಗದ್ದೆ ಇತ್ತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಸ್ವಲ್ಪ ಅಲ್ಲ, ಸಾವಿರ ವರ್ಷಕ್ಕಿಂತ ಜಾಸ್ತಿ.

ನಮಗೆ ಸಿಕ್ಕಿರುವ ಕನ್ನಡದ ಅತ್ಯಂತ ಹಳೆಯ ಪುಸ್ತಕ ಕವಿರಾಜಮಾರ್ಗ. ಒಂಬತ್ತನೇ ಶತಮಾನದ್ದು. ಶಾಲೆಯಲ್ಲಿ ಎಲ್ಲರೂ ಓದಿದ್ದೀರಿ. ಕಾವೇರಿಯಿಂದ ಗೋದಾವರಿವರೆಗೆ ಕನ್ನಡ ನಾಡು ಅನ್ನುವ ಸಾಲಿಗೆ ಅದನ್ನು ನೆನೆಯುತ್ತೇವೆ. ನಾನು ಅದನ್ನು ಇನ್ನೊಂದು ಕಾರಣಕ್ಕೆ ನೆನೆಯುತ್ತೇನೆ. ಅದರಲ್ಲಿ ಒಂದು ಪಟ್ಟಿ ಇದೆ. ಗದ್ಯ ಬರೆದವರು ಅಂತ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಪದ್ಯ ಬರೆದವರು ಅಂತ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ. ಅಂದರೆ ಕನ್ನಡದ ಮೊದಲ ಪುಸ್ತಕದೊಳಗೇ ತನಗಿಂತ ಹಿಂದಿನವರ ಒಂದು ಪಟ್ಟಿ ಇದೆ.

ಈಗ ಯೋಚನೆ ಮಾಡಿ. ದುರ್ವಿನೀತ ಕನ್ನಡದಲ್ಲಿ ಬರೆದ ಗದ್ಯ ನಮಗೆ ಸಿಕ್ಕಿಲ್ಲ. ವಿಮಳೋದಯ ಯಾರು, ಯಾವ ಊರು, ಏನು ಬರೆದ? ಒಂದು ಓಲೆಗರಿಯೂ ಉಳಿದಿಲ್ಲ. ಹೆಸರು ಮಾತ್ರ ಇದೆ. ಅದೂ ಯಾಕೆ ಇದೆ ಅಂದರೆ, ಯಾರೋ ಒಬ್ಬರು ಓದಿದವರು ‘ಇಂಥವರು ಬರೆದಿದ್ದಾರೆ’ ಅಂತ ಬರೆದಿಟ್ಟರು. ಆ ಎರಡು ಪದ್ಯ ಇಲ್ಲದಿದ್ದರೆ ಕವಿರಾಜಮಾರ್ಗಕ್ಕಿಂತ ಮುಂಚೆ ಕನ್ನಡದಲ್ಲಿ ಗದ್ಯ ಬರೆಯುವವರ ಒಂದು ಸಾಲೇ ಇತ್ತು ಅನ್ನುವುದು ನಮಗೆ ಹೇಗೆ ಗೊತ್ತಾಗುತ್ತಿತ್ತು?

ಹಾಗೇ ಹದಿಮೂರನೇ ಶತಮಾನಕ್ಕೆ ಬನ್ನಿ. ಹೊಯ್ಸಳರ ಕಾಲದ ಮಲ್ಲಿಕಾರ್ಜುನ. ಶಬ್ದಮಣಿದರ್ಪಣ ಬರೆದ ಕೇಶಿರಾಜನ ತಂದೆ. ಆತ ಮಾಡಿದ ಕೆಲಸ ನನಗೆ ಬಹಳ ಹತ್ತಿರದ್ದು ಅನ್ನಿಸುತ್ತದೆ. ತನಗಿಂತ ಹಿಂದಿನ ಕವಿಗಳ ಕಾವ್ಯಗಳಿಂದ ಒಳ್ಳೊಳ್ಳೆಯ ಪದ್ಯಗಳನ್ನು ಆರಿಸಿ, ಕಡಲು, ಬೆಟ್ಟ, ಊರು, ಮಳೆಗಾಲ ಅಂತ ವಿಷಯದ ಪ್ರಕಾರ ಒಂದು ಕಡೆ ಸೇರಿಸಿಟ್ಟ. ಅದೇ ಸೂಕ್ತಿಸುಧಾರ್ಣವ. ಪಂಪನಿಗಿಂತ ಮುಂಚಿನ ಒಂದನೇ ಗುಣವರ್ಮ ಅಂತ ಒಬ್ಬ ಕವಿ ಇದ್ದ. ಅವನ ಶೂದ್ರಕ, ಹರಿವಂಶ ಎರಡೂ ಪೂರ್ತಿಯಾಗಿ ಸಿಕ್ಕಿಲ್ಲ. ಅವುಗಳ ಕೆಲವು ಪದ್ಯ ಉಳಿದಿರುವುದು ಮಲ್ಲಿಕಾರ್ಜುನನಂಥವರು ಆರಿಸಿ ಬರೆದಿಟ್ಟದ್ದರಿಂದ. ಮೂಲ ಹೋಯಿತು, ಓದುಗ ಬರೆದುಕೊಂಡದ್ದು ಉಳಿಯಿತು.

ಅದಕ್ಕೇ ಒಂದು ಸಾಲು ಎತ್ತಿ ಬರೆದುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು. ಪುಟದ ನಂಬರ್ ಹಾಕಿ ಬರೆಯಿರಿ. ಇದನ್ನು ಬರೆಯದೆ ನಾನು ಎಷ್ಟೋ ಸಲ ಕಷ್ಟಪಟ್ಟಿದ್ದೇನೆ. ಯಾರಿಗೋ ಓದಿ ಹೇಳೋಣ ಅಂತ ಪುಸ್ತಕ ತೆಗೆದರೆ ಆ ಸಾಲು ಸಿಗುವುದೇ ಇಲ್ಲ. ಎಡಗಡೆ ಪುಟದಲ್ಲಿ ಕೆಳಗಡೆ ಇತ್ತು ಅಂತ ಮಾತ್ರ ನೆನಪಿರುತ್ತದೆ.

ಇನ್ನು ‘ಯಾರಿಗೆ’ ಅನ್ನುವ ಅಂಕಣ. ನನ್ನ ನೋಟ್‌ಬುಕ್ಕಿನಲ್ಲಿ ಅತಿ ಮುಖ್ಯವಾದದ್ದು ಅದೇ. ಅದು ಹೇಗೆ ಬಂತು ಅನ್ನುವುದನ್ನು ನಾನು ಜಾಸ್ತಿ ಜನಕ್ಕೆ ಹೇಳಿಲ್ಲ.

ನಮ್ಮ ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೂರುತ್ತಿದ್ದ ಒಬ್ಬ ಅಕ್ಕ ಇದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ಮಧ್ಯಾಹ್ನ ಊಟದ ಡಬ್ಬಿ ತೆಗೆದರೆ ಮೊದಲ ತುತ್ತು ನನಗೆ ಕೊಡುತ್ತಿದ್ದವರು. 1998ರಲ್ಲಿ ಒಂದು ದಿನ, ‘ಏನಾದರೂ ಒಳ್ಳೇದು ಓದಕ್ಕೆ ಕೊಡೇ’ ಅಂದರು. ನನಗೆ ಖುಷಿಯಾಯಿತು. ಆ ತಿಂಗಳು ನಾನು ಓದಿದ್ದರಲ್ಲಿ ಎಲ್ಲಕ್ಕಿಂತ ಮೇಲಾದ ಕಾದಂಬರಿ ಕೊಟ್ಟೆ. ಅದರ ನಡುವೆ ಒಂದು ಹುಡುಗ ಹೊಳೆಯಲ್ಲಿ ಮುಳುಗುತ್ತಾನೆ. ಆ ಭಾಗವನ್ನು ಲೇಖಕರು ಬಹಳ ತಾಳ್ಮೆಯಿಂದ ಬರೆದಿದ್ದಾರೆ. ನಾನು ಅದನ್ನೇ ಮೆಚ್ಚಿಕೊಂಡು ಬರೆದುಕೊಂಡಿದ್ದೆ.

ಆ ಅಕ್ಕನ ತಮ್ಮ ಅದಕ್ಕೆ ಒಂದು ವರ್ಷ ಹಿಂದೆ ನಾಲೆಯಲ್ಲಿ ಹೋಗಿದ್ದ. ನಾನು ಅವರ ಮನೆಗೆ ಹೋಗಿದ್ದೆ. ಮೂರು ದಿನ ಅವರ ಜೊತೆ ಕೂತಿದ್ದೆ. ನನಗೆ ಗೊತ್ತಿತ್ತು. ಪುಸ್ತಕ ಕೊಡುವಾಗ ಮಾತ್ರ ಅದು ನೆನಪಿಗೇ ಬರಲಿಲ್ಲ. ನನ್ನ ತಲೆಯಲ್ಲಿ ಪುಸ್ತಕ ಇತ್ತು, ಅಕ್ಕ ಇರಲಿಲ್ಲ.

ಎರಡು ದಿನ ಬಿಟ್ಟು ತಂದುಕೊಟ್ಟರು. ‘ಬರೆದಿರೋದು ಸರಿಯಾಗೇ ಇದೆ ಕಣೆ. ನನಗೆ ಓದಕ್ಕಾಗಲಿಲ್ಲ’ ಅಂದರು. ಒಂದು ಬೈಗುಳ ಇಲ್ಲ. ಆವತ್ತೂ ಡಬ್ಬಿ ತೆಗೆದಾಗ ನನಗೆ ತುತ್ತು ಕೊಟ್ಟರು. ನನಗೆ ನುಂಗಲು ಆಗಲಿಲ್ಲ.

ಆವತ್ತು ರಾತ್ರಿ ನೋಟ್‌ಬುಕ್ಕಿನಲ್ಲಿ ಸ್ಕೇಲು ಇಟ್ಟು ಒಂದು ಗೆರೆ ಎಳೆದೆ. ಮೇಲೆ ‘ಯಾರಿಗೆ’ ಅಂತ ಬರೆದೆ. ಅಲ್ಲಿಂದ ಇವತ್ತಿನವರೆಗೆ ಸುಮ್ನೆ ‘ಓದಿ, ಒಳ್ಳೆ ಪುಸ್ತಕ’ ಅಂತ ಹೇಳಿದ್ದು ನೆನಪಿಲ್ಲ. ಓದುವಾಗಲೇ ಯಾರಾದರೂ ನೆನಪಾಗುತ್ತಾರಾ ನೋಡುತ್ತೇನೆ. ನೆನಪಾದರೆ ಆ ಹೆಸರು ಬರೆಯುತ್ತೇನೆ. ಆಗದಿದ್ದರೆ ಖಾಲಿ ಬಿಡುತ್ತೇನೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಸುಮಾರು ಎರಡು ವರ್ಷದ ಮೇಲೆ ಅದೇ ಅಕ್ಕ ಕೇಳಿದರು: ‘ಆ ಪುಸ್ತಕ ಇದೆಯೇನೇ ಇನ್ನೂ?’ ಕೊಟ್ಟೆ. ಈ ಸಲ ಪೂರ್ತಿ ಓದಿದರು. ಹೊಳೆಯ ಭಾಗ ಎರಡು ಸಲ ಓದಿದೆ ಅಂದರು. ಅವರ ತಮ್ಮನ ಬಗ್ಗೆ ಅಷ್ಟು ಹೊತ್ತು ಮಾತಾಡಿದ್ದು ನಾನು ಕೇಳಿದ್ದು ಆವತ್ತೇ ಮೊದಲು. ಆಮೇಲೆ ‘ಯಾರಿಗೆ’ ಪಕ್ಕದಲ್ಲಿ ‘ಯಾವಾಗ’ ಅಂತ ಇನ್ನೊಂದು ಮಾತು ಸೇರಿಸಿದೆ. ನೋಡಿ, ಈ ಪುಟದಲ್ಲಿ ಇದೆ. ‘ತಂಗಿಗೆ, ಮಗಳ ಮದುವೆ ಗಲಾಟೆ ಮುಗಿದ ಮೇಲೆ.’ ‘ಪಕ್ಕದ ಮನೆ ಹುಡುಗನಿಗೆ, ಪಿಯುಸಿ ಪರೀಕ್ಷೆ ಆದ ಮೇಲೆ, ಮೊದಲು ಬೇಡ.’

ಗ್ರಂಥಾಲಯ ಶಾಸ್ತ್ರ ಓದಿದವರು ಇಲ್ಲಿ ಇರಬಹುದು. ನಿಮಗೆ ಎಸ್.ಆರ್. ರಂಗನಾಥನ್ ಅವರ ಹೆಸರು ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಗಣಿತದ ಮೇಷ್ಟರಾಗಿದ್ದವರು, 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ಕೊನೆಯ ವರ್ಷಗಳಲ್ಲಿ ನಮ್ಮ ಬೆಂಗಳೂರಿನಲ್ಲೇ ಇದ್ದರು, 1972ರಲ್ಲಿ ಅಲ್ಲೇ ತೀರಿಕೊಂಡರು. 1931ರಲ್ಲಿ ಅವರು ಗ್ರಂಥಾಲಯಕ್ಕೆ ಐದು ಸೂತ್ರ ಬರೆದು ಪ್ರಕಟಿಸಿದರು. ಅದರಲ್ಲಿ ಎರಡು ನನಗೆ ಬಾಯಿಪಾಠ. ಪ್ರತಿ ಓದುಗರಿಗೂ ಅವರ ಪುಸ್ತಕ ಸಿಗಬೇಕು. ಪ್ರತಿ ಪುಸ್ತಕಕ್ಕೂ ಅದರ ಓದುಗರು ಸಿಗಬೇಕು. ಮೊದಲನೆಯದು ಎಲ್ಲರಿಗೂ ಅರ್ಥವಾಗುತ್ತದೆ. ಎರಡನೆಯದನ್ನು ಸ್ವಲ್ಪ ನಿಂತು ಯೋಚಿಸಬೇಕು. ಪುಸ್ತಕಕ್ಕೂ ಒಂದು ಹಕ್ಕು ಇದೆ ಅನ್ನುತ್ತಾರೆ ಅವರು. ಕಪಾಟಿನಲ್ಲಿ ಕೂತು ಕಾಯುತ್ತಿರುವ ಪುಸ್ತಕದ ಪರವಾಗಿ ಯಾರೋ ಒಬ್ಬರು ಎದ್ದು ಹೋಗಿ ಓದುಗರನ್ನು ಕರೆದು ತರಬೇಕು. ಆ ಕೆಲಸ ಗ್ರಂಥಪಾಲರದ್ದು ಮಾತ್ರ ಅಂತ ನನಗೆ ಅನ್ನಿಸುವುದಿಲ್ಲ.

ಮುಂಚೆ ಗ್ರಂಥಾಲಯದ ಪುಸ್ತಕದಲ್ಲಿ ಒಂದು ಚೀಟಿ ಅಂಟಿಸಿರುತ್ತಿದ್ದರು, ನೆನಪಿದೆಯಾ? ವಾಪಸ್ ಕೊಡಬೇಕಾದ ತಾರೀಕಿನ ಮುದ್ರೆ ಒತ್ತುತ್ತಿದ್ದರು. ನಾನು ಪುಸ್ತಕ ಆರಿಸುವಾಗ ಮೊದಲು ಆ ಚೀಟಿ ನೋಡುತ್ತಿದ್ದೆ. ಒಮ್ಮೆ ಒಂದು ಪ್ರಬಂಧಗಳ ಪುಸ್ತಕ ಸಿಕ್ಕಿತು. ಹಿಂದಿನ ಮುದ್ರೆ ಹನ್ನೊಂದು ವರ್ಷ ಹಳೆಯದು. ಹನ್ನೊಂದು ವರ್ಷ ಅದನ್ನು ಯಾರೂ ಮನೆಗೆ ಒಯ್ದಿರಲಿಲ್ಲ. ಓದಿದೆ. ಅಡಿಗೆಮನೆ, ಹಿತ್ತಲು, ಮನೆಗೆ ಬರುವ ನೆಂಟರ ಬಗ್ಗೆ ಎಷ್ಟು ಪ್ರೀತಿಯಿಂದ ಬರೆದಿದ್ದರು. ರೈಲಿನಲ್ಲಿ ಜೊತೆ ಬರುತ್ತಿದ್ದ ಮೂವರಿಗೆ ಹೇಳಿದೆ. ಒಬ್ಬರಾದ ಮೇಲೆ ಒಬ್ಬರು ತೆಗೆದುಕೊಂಡರು. ಮುಂದಿನ ವರ್ಷ ಹೋಗಿ ನೋಡಿದರೆ ಚೀಟಿಯಲ್ಲಿ ಒಂಬತ್ತು ಹೊಸ ಮುದ್ರೆ. ನನಗೆ ಗೊತ್ತಿದ್ದ ಮೂವರು, ನಾನು ಒಬ್ಬಳು. ಉಳಿದ ಐದು ಜನ ಯಾರು? ಆ ಮೂವರು ಇನ್ಯಾರಿಗೋ ಹೇಳಿರಬೇಕು. ಆ ಚೀಟಿ ನೋಡಿಕೊಂಡು ನಾನು ಕಪಾಟಿನ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ.

ನಮ್ಮ ಮೈಸೂರಿನಲ್ಲೇ ಇದಕ್ಕೆ ಇನ್ನೂ ದೊಡ್ಡ ಉದಾಹರಣೆ ಇದೆ. ಕೃಷ್ಣರಾಜ ಬುಲೆವಾರ್ಡ್ ರಸ್ತೆಯಲ್ಲಿ ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಕಟ್ಟಡ ನೀವೆಲ್ಲ ನೋಡಿದ್ದೀರಿ. 1891ರಲ್ಲಿ ಶುರುವಾದ ಸಂಸ್ಥೆ. ತಂಜಾವೂರು ಕಡೆಯ ಒಬ್ಬ ಪಂಡಿತರು ಅಲ್ಲಿಗೆ ಒಂದು ಓಲೆಗರಿ ಕಟ್ಟು ತಂದುಕೊಟ್ಟರು. ಅಲ್ಲಿ ಗ್ರಂಥಪಾಲರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಬಿಚ್ಚಿ ಓದಿ, ಇದು ಕೌಟಿಲ್ಯನ ಅರ್ಥಶಾಸ್ತ್ರ ಅಂತ ಗುರುತು ಹಿಡಿದರು. ಎಷ್ಟೋ ಶತಮಾನ ಹೆಸರು ಮಾತ್ರ ಕೇಳಿಬರುತ್ತಿದ್ದ ಪುಸ್ತಕ. 1909ರಲ್ಲಿ ಅಚ್ಚು ಹಾಕಿಸಿದರು. 1915ರಲ್ಲಿ ಇಂಗ್ಲಿಷಿಗೆ ಮಾಡಿ ಕೊಟ್ಟರು. ಆ ಗರಿಗಳು ಯಾರದೋ ಮನೆಯಲ್ಲಿ ಮೊದಲೂ ಇದ್ದವು ಅಲ್ವಾ? ಗುರುತಿಸಿ, ‘ಇಗೋ ಇಲ್ಲಿದೆ’ ಅಂತ ನಾಲ್ಕು ಜನಕ್ಕೆ ಹೇಳುವವರು ಬೇಕಾಗಿತ್ತು.

ನಂಜನಗೂಡಿನ ತಿರುಮಲಾಂಬಾ ಅವರ ವಿಷಯವನ್ನೂ ಹೇಳಬೇಕು. 1887ರಲ್ಲಿ ಹುಟ್ಟಿದವರು. ಚಿಕ್ಕ ಹುಡುಗಿಯಾಗಿದ್ದಾಗಲೇ ಮದುವೆ, ಚಿಕ್ಕ ವಯಸ್ಸಿಗೇ ಗಂಡ ಹೋದರು. ತಂದೆ ಮನೆಯಲ್ಲಿ ಓದಿಸಿದರು. 1913ರಲ್ಲಿ ಸತೀಹಿತೈಷಿಣೀ ಅಂತ ಗ್ರಂಥಮಾಲೆ ಶುರು ಮಾಡಿದರು. ಕಾದಂಬರಿ ಬರೆದರು, ಪ್ರಕಟಿಸಿದರು, ಹೆಂಗಸರಿಗಾಗಿ ಪತ್ರಿಕೆ ನಡೆಸಿದರು. ಇಲ್ಲಿಂದ ಇಪ್ಪತ್ತೈದು ಕಿಲೋಮೀಟರ್ ಆಚೆ, ನೂರು ವರ್ಷಕ್ಕೂ ಹಿಂದೆ. ಆಮೇಲೆ ಎಷ್ಟೋ ದಶಕ ಕನ್ನಡ ಓದುಗರು ಅವರನ್ನು ಮರೆತೇಬಿಟ್ಟರು. ಅವರು ಇದ್ದದ್ದು 1982ರವರೆಗೆ. ಅಂದರೆ ಅವರು ಬದುಕಿದ್ದಾಗಲೇ ಮರೆತರು. ನನಗೆ ಇದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವರ ಪುಸ್ತಕ ಓದಿದ ಹೆಂಗಸರು ಖಂಡಿತ ಇದ್ದರು. ಅಡಿಗೆ ಮುಗಿಸಿ, ಸಂಜೆ ಜಗಲಿಯಲ್ಲಿ ಕೂತು ಓದಿದವರು. ಅವರ ಕೈಯಲ್ಲಿ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ ಇದ್ದಿದ್ದರೆ ಅಂತ ಅನ್ನಿಸುತ್ತದೆ. ಏನು ಓದಿದೆವು, ಓದಿ ಯಾರಿಗೆ ಹೇಳಿದೆವು ಅಂತ ಅವರಲ್ಲಿ ಹತ್ತು ಜನ ಬರೆದಿಟ್ಟಿದ್ದರೆ ನಮಗೆ ಇವತ್ತು ಎಷ್ಟೊಂದು ಗೊತ್ತಿರುತ್ತಿತ್ತು.

ಹಾಗಾಗಿ ಹೆಂಗಸರಿಗೆ ನಾನು ವಿಶೇಷವಾಗಿ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ಹಾಲಿನ ಲೆಕ್ಕ ಬರೆಯುತ್ತೇವೆ, ಚೀಟಿ ದುಡ್ಡಿನ ಲೆಕ್ಕ ಬರೆಯುತ್ತೇವೆ, ಮದುವೆ ಮುಯ್ಯಿ ಯಾರು ಎಷ್ಟು ಹಾಕಿದರು ಅಂತ ಬರೆದು ಇಪ್ಪತ್ತು ವರ್ಷ ಇಟ್ಟುಕೊಳ್ಳುತ್ತೇವೆ. ಬರೆಯುವ ಅಭ್ಯಾಸ ನಮಗೆ ಹೊಸದೇನಲ್ಲ. ಅದೇ ಕೈಯಲ್ಲಿ ಇದನ್ನೂ ಬರೆಯಬಹುದು.

ಹೇಗೆ ಬರೆಯಬೇಕು ಅಂತ ತುಂಬಾ ಜನ ಕೇಳುತ್ತಾರೆ. ನಾನು ತಿಂಗಳಿಗೆ ಎರಡು ಪುಟ ಇಟ್ಟಿದ್ದೇನೆ. ಎಡಗಡೆ ಪುಟದಲ್ಲಿ ಪುಸ್ತಕ, ಬರೆದವರು, ಅನುವಾದವಾದರೆ ಅನುವಾದ ಮಾಡಿದವರು, ಎಲ್ಲಿಂದ ಬಂತು, ಓದಿ ಮುಗಿಸಿದ ದಿನ. ಅನುವಾದಕರ ಹೆಸರು ಬಿಡಬೇಡಿ, ದಯವಿಟ್ಟು. ಎಲ್ಲಿಂದ ಬಂತು ಅನ್ನುವುದೂ ಮುಖ್ಯ. ಚಿಕ್ಕ ಗಡಿಯಾರದ ಹತ್ತಿರ ಹಳೇ ಪುಸ್ತಕದ ರಾಶಿಯಲ್ಲಿ ಸಿಕ್ಕಿದ್ದೋ, ಅಣ್ಣನ ಮನೆಯಿಂದ ತಂದದ್ದೋ, ಗ್ರಂಥಾಲಯದ್ದೋ. ಬಲಗಡೆ ಪುಟ ಒಂದು ಸಾಲಿನ ಮಾತಿಗೆ, ಎತ್ತಿ ಬರೆದ ಸಾಲಿಗೆ, ‘ಯಾರಿಗೆ’ ಅನ್ನುವುದಕ್ಕೆ. ಅರ್ಧಕ್ಕೆ ಬಿಟ್ಟ ಪುಸ್ತಕವನ್ನೂ ಬರೆಯುತ್ತೇನೆ, ಯಾವ ಪುಟದಲ್ಲಿ ಬಿಟ್ಟೆ ಅನ್ನುವುದರ ಸಮೇತ. ಐದು ವರ್ಷ ಬಿಟ್ಟು ಅಲ್ಲಿಂದಲೇ ಮುಂದುವರಿಸಿ ಮುಗಿಸಿದ ಪುಸ್ತಕಗಳಿವೆ.

ತಿಂಗಳ ಕೊನೆಯ ಭಾನುವಾರ ಅರ್ಧ ಗಂಟೆ ಕೂರುತ್ತೇನೆ. ಆ ತಿಂಗಳದ್ದನ್ನು ಮತ್ತೆ ಓದಿ, ಅದರಲ್ಲಿ ಒಂದು, ಹೆಚ್ಚೆಂದರೆ ಎರಡು ಪುಸ್ತಕವನ್ನು ಇನ್ನೊಬ್ಬರಿಗೆ ಹೇಳಲು ಆರಿಸುತ್ತೇನೆ. ಓದಿದ್ದನ್ನೆಲ್ಲ ಹೇಳುವುದಿಲ್ಲ. ಎಂಟು ಪುಸ್ತಕದ ಹೆಸರು ಒಟ್ಟಿಗೆ ಹೇಳಿದರೆ ಕೇಳಿದವರು ಒಂದನ್ನೂ ಓದುವುದಿಲ್ಲ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಧಾರವಾಡಕ್ಕೆ ಮದುವೆಯಾಗಿ ಹೋದ ಒಬ್ಬ ಗೆಳತಿ ಇದ್ದಾಳೆ. ಅವಳಿಗೆ ತಿಂಗಳಿಗೊಂದು ಕಾರ್ಡು ಬರೆಯುತ್ತಿದ್ದೆ. ಆಗ ಕಾರ್ಡಿಗೆ 15 ಪೈಸೆ. ಕಾರ್ಡಿನಲ್ಲಿ ಜಾಗವೇ ಅಷ್ಟು, ಒಂದು ಪುಸ್ತಕದ ವಿಷಯ ಬರೆಯುವಷ್ಟರಲ್ಲಿ ಮುಗಿಯಿತು. ಅದೇ ಒಳ್ಳೆಯದಾಯಿತು. ಅವಳು ಆ ಪುಸ್ತಕ ಹುಡುಕಿಕೊಂಡು ಓದಿ, ತನ್ನದೊಂದು ಹೆಸರು ಬರೆದು ಕಳಿಸುತ್ತಿದ್ದಳು. ಉತ್ತರ ಕರ್ನಾಟಕದ ಎಷ್ಟೋ ಬರಹಗಾರರನ್ನು ನಾನು ಓದಿದ್ದು ಆ ಕಾರ್ಡುಗಳಿಂದ. ಈಗ ಫೋನಿನಲ್ಲಿ ಧ್ವನಿ ಕಳಿಸುತ್ತೇವೆ. ಒಂದೇ ಪುಸ್ತಕ ಅನ್ನುವ ಕಟ್ಟು ಮಾತ್ರ ಬಿಟ್ಟಿಲ್ಲ.

ಎಷ್ಟು ಪುಸ್ತಕ ಓದಿದೆ ಅಂತ ನಾನು ಕೂಡಿಸಿ ನೋಡುವುದಿಲ್ಲ. ಮಕ್ಕಳಿಗೂ ಅದನ್ನೇ ಹೇಳುತ್ತೇನೆ. ವರ್ಷಕ್ಕೆ ಐವತ್ತು ಓದಬೇಕು ಅಂತ ಹೊರಟರೆ ತೆಳ್ಳಗಿನ ಪುಸ್ತಕ ಹುಡುಕುವ ಬುದ್ಧಿ ಬರುತ್ತದೆ. ಒಂದು ದೊಡ್ಡ ಪುಸ್ತಕದ ಜೊತೆ ಮೂರು ತಿಂಗಳು ಇರುವ ಸುಖ ತಪ್ಪಿ ಹೋಗುತ್ತದೆ.

ಒಂದೇ ಪುಸ್ತಕ ಎರಡು ಸಲ ಬಂದಿರುವ ಪುಟಗಳನ್ನು ನಿಮಗೆ ಓದಿ ಹೇಳಬೇಕು ಅಂತ ಗುರುತು ಹಾಕಿಕೊಂಡು ಬಂದಿದ್ದೇನೆ. ಮಂಡ್ಯದಲ್ಲಿ ಹುಟ್ಟಿ ಮೈಸೂರಿನಲ್ಲಿ ಬದುಕಿದ ತ್ರಿವೇಣಿ ಅವರ ಒಂದು ಕಾದಂಬರಿ. ಅವರು 1963ರಲ್ಲಿ ತೀರಿಕೊಂಡಾಗ ಇನ್ನೂ ಮೂವತ್ತೈದೂ ದಾಟಿರಲಿಲ್ಲ. 1995ರಲ್ಲಿ ನಾನು ಬರೆದಿದ್ದೇನೆ: ‘ಇವಳು ಯಾಕೆ ಬಾಯಿ ಬಿಟ್ಟು ಹೇಳುವುದಿಲ್ಲ? ಕೋಪ ಬಂತು.’ 2017ರ ಮಾರ್ಚಿನಲ್ಲಿ ಅದೇ ಪುಸ್ತಕಕ್ಕೆ ಬರೆದಿದ್ದೇನೆ: ‘ಇವಳು ಹೇಳುತ್ತಲೇ ಇದ್ದಾಳೆ. ಮನೆಯಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ.’ ಪುಸ್ತಕದಲ್ಲಿ ಒಂದು ಅಕ್ಷರ ಬದಲಾಗಿಲ್ಲ. ನಡುವಿನ ಇಪ್ಪತ್ತೆರಡು ವರ್ಷದಲ್ಲಿ ನನಗೆ ಏನೇನು ಆಯಿತು ಅನ್ನುವುದು ಈ ಎರಡು ಸಾಲಿನ ನಡುವೆ ಇದೆ. ನೋಟ್‌ಬುಕ್ಕು ಇಲ್ಲದಿದ್ದರೆ ಮೊದಲಿನಿಂದಲೂ ನನಗೆ ಹಾಗೇ ಅನ್ನಿಸಿತ್ತು ಅಂತಲೇ ನಂಬಿಕೊಂಡಿರುತ್ತಿದ್ದೆ.

ಅದೇ ಪುಟದ ಅಂಚಿನಲ್ಲಿ ಇನ್ನೊಂದು ಇದೆ. ‘ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮದ್ದಿನ ಮನೆ ಸರಿಸಿದರು.’ ಜೋಡಿ ಹಳಿ ಹಾಕಲು ಅಡ್ಡ ಬರುತ್ತದೆ ಅಂತ ಆ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ ಪಕ್ಕಕ್ಕೆ ಕೂರಿಸಿದ ವರ್ಷ ಅದು. ಹಳಿಯ ಪಕ್ಕ ಅಷ್ಟು ವರ್ಷ ದಿನಾ ಕಿಟಕಿಯಿಂದ ನೋಡಿದ ಕಟ್ಟಡ. ಪುಸ್ತಕಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ ಈಗ ನನಗೆ ಅವೆರಡೂ ಒಟ್ಟಿಗೇ ನೆನಪಾಗುತ್ತವೆ. ಅಂಚಿನಲ್ಲಿ ಇಂಥದ್ದು ಬರೆಯಲು ಸ್ವಲ್ಪ ಜಾಗ ಬಿಡಿ.

2021ರ ಏಪ್ರಿಲ್ ನಿಮಗೆಲ್ಲ ನೆನಪಿದೆ. ರಾಜೀವನಗರದಲ್ಲಿ ಒಬ್ಬ ಕೂಲಿ ಮಾಡುವ ಹಿರಿಯರು ತಮ್ಮ ದುಡಿಮೆಯಲ್ಲಿ ಕಟ್ಟಿದ್ದ ಗ್ರಂಥಾಲಯ ಬೆಂಕಿಗೆ ಹೋಯಿತು. ಸುಮಾರು 11,000 ಪುಸ್ತಕ. ಬೇರೆ ಬೇರೆ ಊರಿನಿಂದ ಜನ ಪುಸ್ತಕ ಕೊಡಲು ಮುಂದೆ ಬಂದರು. ನಾನೂ ಒಂದಷ್ಟು ಕೊಡೋಣ ಅಂತ ಕೂತೆ. ಏನು ಕೊಡುವುದು? ಮನೆಯಲ್ಲಿ ಬೇಡವಾದದ್ದನ್ನು ಕಟ್ಟಿ ಕಳಿಸಲು ಮನಸ್ಸು ಬರಲಿಲ್ಲ. ಐದೂ ನೋಟ್‌ಬುಕ್ಕು ಹರಡಿಕೊಂಡು ‘ಯಾರಿಗೆ’ ಅಂಕಣ ಓದುತ್ತಾ ಹೋದೆ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಅಲ್ಲಿ ಬಂದು ಕೂತು ಓದುವವರು ಯಾರಿರಬಹುದು ಅಂತ ಮನಸ್ಸಿನಲ್ಲಿ ಇಟ್ಟುಕೊಂಡು ಇಪ್ಪತ್ತು ಹೆಸರು ಆರಿಸಿದೆ. ನನ್ನಲ್ಲಿ ಹನ್ನೆರಡು ಇದ್ದವು. ಎಂಟನ್ನು ಕೊಂಡೆ. ಅದರಲ್ಲಿ ಒಂದು, ಆ ಕ್ಯಾಶ್ ಕೌಂಟರಿನ ಅಕ್ಕ ಎರಡನೇ ಸಲ ಕೇಳಿ ಓದಿದ ಕಾದಂಬರಿ.

ನಾಲ್ಕು ನೋಟ್‌ಬುಕ್ಕಿನಲ್ಲಿ ಎರಡನೆಯದು ಅರ್ಧ ನೀರು ಕುಡಿದಿದೆ. ಮಳೆಗಾಲದಲ್ಲಿ ಅಟ್ಟ ಸೋರಿ ಶಾಯಿ ಹರಡಿಕೊಂಡಿತು. 1999 ಮತ್ತು 2000ದ ಬಹಳ ಪುಟ ಓದಲು ಬರುವುದಿಲ್ಲ. ಆಮೇಲಿಂದ ಬಾಲ್ ಪೆನ್ನಿನಲ್ಲಿ ಬರೆಯುತ್ತೇನೆ. ಈಚೆಗೆ ಮೊಮ್ಮಗಳು ಎಲ್ಲ ಪುಟದ ಫೋಟೊ ತೆಗೆದುಕೊಟ್ಟಿದ್ದಾಳೆ. ತೆಗೆಯುತ್ತಾ ತೆಗೆಯುತ್ತಾ ‘ಅಜ್ಜಿ, ಇದರಲ್ಲಿ ನನ್ನ ಹೆಸರು ಹನ್ನೊಂದು ಸಲ ಇದೆ, ನೀನು ನನಗೆ ಕೊಟ್ಟಿರೋದು ನಾಲ್ಕೇ’ ಅಂದಳು. ಉಳಿದ ಏಳು ‘ಯಾವಾಗ’ ಅನ್ನುವುದಕ್ಕೆ ಕಾಯುತ್ತಿವೆ ಅಂದೆ. ಅವಳು ಏಳೂ ಹೆಸರು ಬರೆದುಕೊಂಡು ಹೋದಳು.

ಈ ತಿಂಗಳ ಪುಟ ತೆಗೆದು ಮುಗಿಸುತ್ತೇನೆ. ಮೂರು ಪುಸ್ತಕ ಓದಿದ್ದೇನೆ. ಎರಡರ ಮುಂದೆ ಹೆಸರು ಬರೆದಿದೆ. ಮೂರನೆಯದು ಬಾವಿ ತೋಡುವವರ ಬಗ್ಗೆ ಒಬ್ಬರು ಊರೂರು ತಿರುಗಿ ಕೇಳಿ ಬರೆದ ಪುಸ್ತಕ. ನಾನು ಬರೆದುಕೊಂಡಿರುವ ಸಾಲು: ‘ನೀರು ಬರುವ ಮುಂಚೆ ಮಣ್ಣಿನ ವಾಸನೆ ಬದಲಾಗುತ್ತದೆ.’ ಅದರ ಮುಂದೆ ‘ಯಾರಿಗೆ’ ಖಾಲಿ ಇದೆ. ನನಗೆ ಗೊತ್ತಿರುವ ಬಾವಿ ತೋಡುವವರು ಒಬ್ಬರೇ ಇದ್ದರು, ನಮ್ಮ ದೊಡ್ಡಪ್ಪ. ಅವರು ಈಗ ಇಲ್ಲ. ಪುಸ್ತಕ ಇಲ್ಲೇ ಚೀಲದಲ್ಲಿದೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಬಾವಿ ಇಳಿದವರು, ತೋಡಿದವರು ಇದ್ದರೆ, ಅಥವಾ ಅಂಥವರ ಮಗನೋ ಮಗಳೋ ನೀವಾಗಿದ್ದರೆ, ಆಮೇಲೆ ಬಂದು ತೆಗೆದುಕೊಂಡು ಹೋಗಿ. ನಿಮ್ಮ ಹೆಸರು ಹೇಳಿ, ಬರೆದುಕೊಳ್ಳುತ್ತೇನೆ.